ಜುಲೈ ತಿಂಗಳಲ್ಲಿ ದ್ವೀಪಯಾನ ಮಾರಿದ ಪ್ರವಾಸ ಸಂಸ್ಥೆಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮಂಗಳೂರು ಪ್ಯಾಕೇಜ್‌ನಲ್ಲಿ ಮಳೆಗಾಲದಲ್ಲಿ ನಡೆಯದ ಸೇವೆಗಳಿಗೆ ಹಣ ಪಡೆದು ಮರುಪಾವತಿ ನಿರಾಕರಿಸಿರುವ ಬಗ್ಗೆ

ಮಾನ್ಯರೇ,

ಜುಲೈ ಮೂರನೇ ವಾರದಲ್ಲಿ ನಮ್ಮ ಕುಟುಂಬದ ನಾಲ್ವರು ನಿಮ್ಮ ಸಂಸ್ಥೆಯ ಮೂಲಕ ಮಂಗಳೂರು ಪ್ರವಾಸ ಮಾಡಿದೆವು. ಹಣವನ್ನೆಲ್ಲ ಮುಂಗಡವಾಗಿಯೇ ಕಟ್ಟಿದ್ದೆವು. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿದ್ದ ಸೇಂಟ್ ಮೇರೀಸ್ ದ್ವೀಪ, ಪಣಂಬೂರಿನ ಜಲಕ್ರೀಡೆ, ಪಿಲಿಕುಳ ನಿಸರ್ಗಧಾಮ, ಆಗುಂಬೆಯ ಸೂರ್ಯಾಸ್ತ ಇವುಗಳಲ್ಲಿ ಒಂದೂ ನಮಗೆ ದಕ್ಕಲಿಲ್ಲ. ಹಣ ವಾಪಸ್ ಕೊಡಿ ಎಂದು ಬರೆದ ಮೇಲ್‌ಗೆ ನಿಮ್ಮ ಕಚೇರಿಯಿಂದ ಬಂದದ್ದು ಒಂದೇ ಸಾಲಿನ ಉತ್ತರ: ಪ್ರಕೃತಿ ವಿಕೋಪದಿಂದ ರದ್ದಾದ ಸೇವೆಗಳಿಗೆ ಷರತ್ತಿನ ಪ್ರಕಾರ ಮರುಪಾವತಿ ಇಲ್ಲ. ಈ ಪತ್ರ ಬರೆಯಬೇಕಾಗಿ ಬಂದದ್ದು ಆ ಸಾಲಿಗಾಗಿ.

ಯಾವ ವಿಕೋಪ ಎಂದು ದಯವಿಟ್ಟು ತಿಳಿಸಿ. ನಾವಿದ್ದಾಗ ಚಂಡಮಾರುತ ಬೀಸಲಿಲ್ಲ, ನೆರೆ ಬರಲಿಲ್ಲ, ಗುಡ್ಡ ಜರಿದು ರಸ್ತೆ ಮುಚ್ಚಲಿಲ್ಲ. ಇದ್ದದ್ದು ಮಳೆಗಾಲ. ಕರಾವಳಿಗೆ ಅದು ಪ್ರತಿ ವರ್ಷ ಜೂನ್ ಹೊತ್ತಿಗೆ ಬರುತ್ತದೆ, ಸೆಪ್ಟೆಂಬರ್‌ವರೆಗೆ ಇರುತ್ತದೆ. ಅದನ್ನು ನೋಡಿಕೊಂಡೇ ಸರ್ಕಾರ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಲ್ಲಿಸುತ್ತದೆ. ಕಡಲನ್ನೇ ನಂಬಿ ಬದುಕುವವರು ಬೋಟುಗಳನ್ನು ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿ ಕೂತ ತಿಂಗಳಲ್ಲಿ ನೀವು ನಮಗೆ ದೋಣಿ ಟಿಕೆಟ್ ಮಾರಿದ್ದೀರಿ.

ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವ ಪ್ರವಾಸಿ ದೋಣಿಗಳು ಮಳೆಗಾಲ ಪೂರ್ತಿ ನಿಂತಿರುತ್ತವೆ. ಇದು ಗುಟ್ಟಿನ ಸಂಗತಿಯೇನಲ್ಲ. ಮಂಗಳೂರಿನಿಂದ ಒಂದೂವರೆ ತಾಸು ಕಾರಿನಲ್ಲಿ ಕೂತು ನಾವು ಮಲ್ಪೆ ತಲುಪಿದಾಗ ಕಿನಾರೆಯುದ್ದಕ್ಕೂ ಬಲೆ ಕಟ್ಟಿ ಯಾರೂ ನೀರಿಗಿಳಿಯದಂತೆ ಮಾಡಿದ್ದರು. ವೋಚರ್ ತೋರಿಸಿದರೆ ಅಲ್ಲಿದ್ದ ಜೀವರಕ್ಷಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಈಗ ಬೋಟ್ ಎಲ್ಲಿ ಉಂಟು ಸರ್? ಮಳೆಗಾಲದಲ್ಲಿ ಬೋಟ್ ಬಿಡುವುದಿಲ್ಲ ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು’ ಎಂದರು. ಸಣ್ಣ ಮಕ್ಕಳಿಗೆ ಗೊತ್ತಿರುವುದು ಮಂಗಳೂರಿನಲ್ಲಿ ಶಾಖೆ ಇಟ್ಟುಕೊಂಡ ನಿಮಗೆ ಗೊತ್ತಿರಲಿಲ್ಲ ಎಂದು ನಂಬುವುದು ಹೇಗೆ?

ಈ ದ್ವೀಪ ತಪ್ಪಿದ್ದು ನಮಗೆ ಬರೀ ಒಂದು ಪಿಕ್ನಿಕ್ ತಪ್ಪಿದಂತಲ್ಲ. ಮಗಳು ಪದವಿಯಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರಿ, ಕುಗ್ಗಿ, ಸೀಳಿ ಆದ ಆರುಮೂಲೆಯ ಕಂಬಗಳು ಅಲ್ಲಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದನ್ನು ನೋಡಲೆಂದೇ ನಿಮ್ಮ ಪ್ಯಾಕೇಜ್ ಆರಿಸಿದ್ದು. ಬುಕಿಂಗ್‌ಗೆ ಮುನ್ನ ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ ‘ಮಳೆಗಾಲದಲ್ಲಿ ದ್ವೀಪಕ್ಕೆ ಬಿಡುತ್ತಾರಾ?’ ಎಂದು ಬಾಯಿ ಬಿಟ್ಟು ಕೇಳಿದ್ದೆ. ‘ಎಲ್ಲಾ ಅರೇಂಜ್ ಆಗಿರುತ್ತೆ ಸರ್, ಟೆನ್ಷನ್ ಬೇಡ’ ಎಂಬ ಉತ್ತರ ಬಂದಿತ್ತು. ಅದೇ ದಿನ ಅವರು ಕಳಿಸಿದ ವಾಟ್ಸ್ಆ್ಯಪ್ ಸಂದೇಶದಲ್ಲೂ ‘ದ್ವೀಪ ಕನ್ಫರ್ಮ್’ ಎಂದಿದೆ.

ಪಣಂಬೂರಿನ ಕತೆಯೂ ಇದೇ. ಕೆಂಪು ಬಾವುಟ ನೆಟ್ಟಿತ್ತು, ಅಲೆ ನೋಡಿದರೆ ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಪಿಲಿಕುಳದ್ದು ಮಾತ್ರ ಬೇರೆ, ಅಲ್ಲಿ ಮಳೆಯನ್ನು ದೂರುವಂತೆಯೂ ಇಲ್ಲ. ಸೋಮವಾರ ಪಿಲಿಕುಳಕ್ಕೆ ರಜೆ. ನೀವು ನಮ್ಮನ್ನು ಕಳಿಸಿದ್ದು ಸೋಮವಾರ. ಇದನ್ನೂ ಪ್ರಕೃತಿ ವಿಕೋಪದ ಲೆಕ್ಕಕ್ಕೆ ಸೇರಿಸಿದ್ದೀರಿ.

ಇನ್ನು ಆಗುಂಬೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಅದರಲ್ಲೂ ಜುಲೈನಲ್ಲಿ, ಸೂರ್ಯಾಸ್ತ ವೀಕ್ಷಣೆ ಎಂದು ಬರೆದವರು ಯಾರೋ ಕಾಣೆ. ಅವರನ್ನು ಒಮ್ಮೆ ಭೇಟಿಯಾಗುವ ಆಸೆಯಿದೆ. ಘಾಟಿಯ ತಿರುವುಗಳನ್ನು ಏರಿ ಸಂಜೆ ವೀಕ್ಷಣಾ ಕಟ್ಟೆಯಲ್ಲಿ ನಿಂತರೆ ಎದುರಿಗಿದ್ದ ಮರವೇ ಮಂಜಿನಲ್ಲಿ ಕಾಣುತ್ತಿರಲಿಲ್ಲ. ನಮ್ಮ ತಾಯಿಯವರಿಗೆ ಮಾತ್ರ ಅದೇ ಇಷ್ಟವಾಯಿತು, ಅದು ನಿಮ್ಮ ಪುಣ್ಯ.

ಹೇಳಬೇಕಾದ ಮಾತೆಂದರೆ, ಮಳೆಗಾಲದ ಬಗ್ಗೆ ನಮಗೆ ತಕರಾರಿಲ್ಲ. ನಿಜ ಹೇಳಿ ಮಳೆಗಾಲದ ಪ್ರವಾಸವನ್ನೇ ಮಾರಬಹುದಿತ್ತಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ, ಮಂಗಳೂರಿನಲ್ಲೇ ಗೋಡೆ ತುಂಬ ಚಿತ್ರಗಳಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ, ಇವಕ್ಕೆಲ್ಲ ಬೋಟೂ ಬೇಡ, ಬಿಸಿಲೂ ಬೇಡ. ಅದರ ಬದಲು ‘ಪರ್ಯಾಯ ವ್ಯವಸ್ಥೆ’ ಎಂದು ನೀವು ನಮ್ಮನ್ನು ಒಂದು ಮಾಲ್‌ಗೆ ಮತ್ತು ಗೋಡಂಬಿ ಅಂಗಡಿಯೊಂದಕ್ಕೆ ಕಳಿಸಿದಿರಿ. ಕಾರ್ಕಳವನ್ನಾದರೂ ನೋಡಿದ್ದು ಡ್ರೈವರ್ ಅಣ್ಣ ತಾವಾಗಿ ದಾರಿಯಲ್ಲಿ ನಿಲ್ಲಿಸಿದ್ದರಿಂದ. ಅವರ ಮೇಲೆ ಯಾವ ದೂರೂ ಇಲ್ಲ. ಈ ಪತ್ರದ ನೆಪದಲ್ಲಿ ಅವರ ಬಾಟಾಕ್ಕೆ ಕೈಹಾಕಬೇಡಿ.

ಸಿಗುವುದಿಲ್ಲ ಎಂದು ಗೊತ್ತಿದ್ದೂ ಸಿಗುತ್ತದೆ ಎಂದು ಹೇಳಿ ಹಣ ಪಡೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು, ಅನುಚಿತ ವ್ಯಾಪಾರ ಪದ್ಧತಿ. ಸೇವಾ ನ್ಯೂನತೆಯಂತೂ ಹೌದು. ಷರತ್ತುಗಳ ಕೊನೆಯಲ್ಲಿ ಸಣ್ಣಕ್ಷರದ ಒಂದು ವಾಕ್ಯ ಸೇರಿಸಿದ ಮಾತ್ರಕ್ಕೆ ಅದರಿಂದ ತಪ್ಪಿಸಿಕೊಳ್ಳಲಾಗದು. ಅದೇ ಕಾಯ್ದೆಯಡಿ ನಾನು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೆ ಎರಡು ವರ್ಷ ಕಾಲಾವಕಾಶವಿದೆ. ನಿಮ್ಮ ಊರಿಗೆ ಅಲೆಯುವ ಅಗತ್ಯ ನನಗಿಲ್ಲ.

ನಿಮ್ಮ ಇನ್‌ವಾಯ್ಸ್‌ನಲ್ಲೇ ಪ್ರತ್ಯೇಕವಾಗಿ ನಮೂದಿಸಿರುವ ದ್ವೀಪಯಾನ ಮತ್ತು ಜಲಕ್ರೀಡೆಯ ₹9,600, ಪಿಲಿಕುಳದ ಪ್ರವೇಶಕ್ಕೆಂದು ಪಡೆದ ₹1,400, ಒಟ್ಟು ₹11,000ವನ್ನು ಹಣ ಬಂದ ಖಾತೆಗೇ ಮರಳಿಸಿ. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುವ ಪ್ರಸ್ತಾಪ ಬೇಡ. ಮಲ್ಪೆಗೆ ಸುಮ್ಮನೆ ಹೋಗಿ ಬಂದ ದಿನದ ಕಾರಿನ ಬಾಡಿಗೆಯಲ್ಲಿ ಎಷ್ಟು ಭರಿಸುತ್ತೀರಿ ಎಂಬುದನ್ನೂ ಬರೆದು ತಿಳಿಸಿ. ಜೊತೆಗೆ, ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲೂ ನಿಮ್ಮ ವೆಬ್‌ಸೈಟ್‌ನಲ್ಲಿ ಆಗಸ್ಟ್ ತಿಂಗಳ ದ್ವೀಪಯಾನಕ್ಕೆ ಬುಕಿಂಗ್ ತೆರೆದೇ ಇದೆ, ಅದನ್ನು ಮುಚ್ಚಿ.

ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಉತ್ತರ ಬರಹದಲ್ಲೇ ಇರಲಿ, ಫೋನ್ ಬೇಡ. ಫೋನಿನಲ್ಲಿ ನಿಮ್ಮವರು ಹೇಳಿದ್ದನ್ನು ಈಗಾಗಲೇ ಒಮ್ಮೆ ಕೇಳಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಇನ್‌ವಾಯ್ಸ್ ಮತ್ತು ವೋಚರ್‌ಗಳ ಪ್ರತಿ, ಪ್ರತಿನಿಧಿಯ ವಾಟ್ಸ್ಆ್ಯಪ್ ಸಂದೇಶದ ಚಿತ್ರ, ಮಲ್ಪೆ ಕಿನಾರೆಯಲ್ಲಿ ಕಟ್ಟಿದ್ದ ಬಲೆಯ ಫೋಟೊ, ಆಗಸ್ಟ್ ಬುಕಿಂಗ್ ಪುಟದ ಚಿತ್ರ