ತಕ್ಕಡಿಯ ಡಿಸ್‌ಪ್ಲೇ ಯಾರ ಕಡೆಗಿದೆ?

ಮಾನ್ಯ ಸಂಪಾದಕರೇ,

ಪ್ರಾಮಾಣಿಕತೆ ಎಲ್ಲಿ ಉಳಿದಿದೆ ಸ್ವಾಮಿ ಅಂತ ನಮ್ಮ ಕಾಫಿ ಸೀಮೆಯಲ್ಲಿ ಎಲ್ಲರೂ ಕೇಳುತ್ತಾರೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ತಾಲ್ಲೂಕು ಕಚೇರಿ ಮುಂದೆ ಕಾಯುವಾಗ ಇದೇ ಮಾತು. ಖಾತೆಗೆ ದುಡ್ಡು ಕೇಳಿದರು, ಪೋಡಿಗೆ ವರ್ಷಗಟ್ಟಲೆ ಅಲೆಸಿದರು. ಅದೆಲ್ಲ ನಿಜ, ಪತ್ರಿಕೆಗಳಲ್ಲೂ ಬರುತ್ತಲೇ ಇರುತ್ತದೆ. ಆದರೆ ನಾನು ಬರೆಯುತ್ತಿರುವುದು ನಮ್ಮದೇ ಕಣದ ವಿಷಯ.

ಕೊಯ್ಲಿನ ಸಮಯದಲ್ಲಿ ಸಂಜೆ ಕಾಫಿ ಹಣ್ಣು ತೂಗುವುದನ್ನು ಒಮ್ಮೆ ನಿಂತು ನೋಡಿ. ಬೆಳಗ್ಗೆಯಿಂದ ಕೊಯ್ದ ಹಣ್ಣನ್ನು ಚೀಲಕ್ಕೆ ತುಂಬಿ, ಇಳಿಜಾರಿನಿಂದ ಹೊತ್ತು ತಂದು ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಮೇಸ್ತ್ರಿ ಚೀಲ ಎತ್ತಿ ತಕ್ಕಡಿ ಮೇಲೆ ಇಡುತ್ತಾನೆ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೂಲಿ ಸಿಗುವುದು ಆ ಪುಸ್ತಕದ ಕಿಲೋ ಲೆಕ್ಕದ ಮೇಲೆ. ಡಿಸ್‌ಪ್ಲೇ ಇರುವುದು ರೈಟರ್ ಕಡೆಗೆ. ಕಳೆದ ಕೊಯ್ಲಿನಲ್ಲಿ ಒಂದು ತೋಟದಲ್ಲಿ ನಾನೇ ಪಕ್ಕದಲ್ಲಿ ನಿಂತಿದ್ದೆ. ತಕ್ಕಡಿ ತೋರಿಸಿದ್ದು 43 ಕಿಲೋ 600 ಗ್ರಾಂ, ಪುಸ್ತಕಕ್ಕೆ ಹೋಗಿದ್ದು 42. ಯಾಕೆ ಅಂತ ಕೇಳಿದ್ದಕ್ಕೆ ಚೀಲದ ತೂಕ, ಎಲೆ, ಕಡ್ಡಿ ಅಂದರು. ಖಾಲಿ ಗೊಬ್ಬರದ ಚೀಲ ಹೆಚ್ಚೆಂದರೆ ನೂರಿನ್ನೂರು ಗ್ರಾಂ ಇದ್ದೀತು. ಉಳಿದದ್ದೆಲ್ಲ ಎಲೆ ಕಡ್ಡಿಯೇ? ಚೀಲ ಹೊತ್ತು ತಂದವಳು ಅಸ್ಸಾಂನಿಂದ ಬಂದ ಹುಡುಗಿ. ಅವಳಿಗೆ ಕನ್ನಡ ಬಾರದು, ಆದರೆ ಅಂಕಿ ಓದಲು ಚೆನ್ನಾಗಿ ಬರುತ್ತದೆ. ಓದಲು ಬಿಟ್ಟರಲ್ವಾ!

ಈಗ ಅದೇ ತೋಟದವರು ಕಾಫಿ ಮಾರಲು ಹೋದಾಗ ಏನಾಗುತ್ತದೆ ಹೇಳುತ್ತೇನೆ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ರೇಟು ನಿಂತಿರುವುದು ಓಟಿ ಮೇಲೆ, ಅಂದರೆ 50 ಕಿಲೋ ಚೆರ್ರಿಯ ಸಿಪ್ಪೆ ಬಿಡಿಸಿದರೆ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವ ಲೆಕ್ಕದ ಮೇಲೆ. ಸ್ಯಾಂಪಲ್ ತೆಗೆಯುವವರು ವ್ಯಾಪಾರಿ, ಸಿಪ್ಪೆ ಬಿಡಿಸಿ ತೂಗುವವರೂ ಅವರೇ, ಮಾಯಿಶ್ಚರ್ (ತೇವ) ಜಾಸ್ತಿ ಇದೆ ಅಂತ ಹೇಳುವವರೂ ಅವರೇ. ಓಟಿ ಒಂದು ಪಾಯಿಂಟ್ ಕಡಿಮೆ ಬರೆದರೂ ಬೆಳೆಗಾರನಿಗೆ ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತು, ನಾನೂ ಸಣ್ಣ ಬೆಳೆಗಾರನೇ. ಅಂಗಡಿ ಮೆಟ್ಟಿಲು ಇಳಿಯುತ್ತಾ ಹಗಲು ದರೋಡೆ ಅಂತ ಬೈಯುತ್ತೇವೆ. ನಮಗೆ ಆದರೆ ಅದು ದರೋಡೆ, ಕೊಯ್ಲಿನವಳಿಗೆ ನಾವು ಮಾಡಿದರೆ ಎಲೆ ಕಡ್ಡಿ. ಇದು ಯಾವ ನ್ಯಾಯ?

ಖರ್ಚು ಜಾಸ್ತಿ, ಆಳು ಸಿಗಲ್ಲ, ಮಳೆ ಹೊತ್ತುಗೊತ್ತಿಲ್ಲದೆ ಸುರಿಯುತ್ತದೆ ಅಂತ ಹೇಳುವವರಿದ್ದಾರೆ. ಒಪ್ಪುತ್ತೇನೆ. ಕಿಲೋಗೆ ಕೊಡುವ ಕೂಲಿ ಕಟ್ಟುವುದಿಲ್ಲ ಅನ್ನಿಸಿದರೆ ಬಾಯಿಬಿಟ್ಟು ಹೇಳಿ, ಇಷ್ಟೇ ಕೊಡಲಾಗುವುದು ಅಂತ. ಒಪ್ಪಿದವರು ಬರುತ್ತಾರೆ, ಒಪ್ಪದವರು ಬೇರೆ ತೋಟಕ್ಕೆ ಹೋಗುತ್ತಾರೆ. ಎದುರಿಗೆ ಒಂದು ರೇಟು ಹೇಳಿ ಹಿಂದಿನಿಂದ ತೂಕದಲ್ಲಿ ಮುರಿದುಕೊಳ್ಳುವುದಕ್ಕೆ ಯಾವ ಕಷ್ಟವೂ ಸಮಾಧಾನ ಆಗಲಾರದು. ಅದೂ 2024ರಿಂದ ಈಚೆಗೆ ರೋಬಸ್ಟಾ ಕಾಫಿ ಹಿಂದೆಂದೂ ಕಾಣದ ಬೆಲೆ ಕಂಡ ಮೇಲೆ! ಬೆಲೆ ಏರಿದ ಕೂಡಲೇ ಕಳ್ಳರ ಭಯಕ್ಕೆ ಕಣಕ್ಕೆಲ್ಲ ಸಿಸಿಟಿವಿ ಹಾಕಿಸಿದೆವು. ತಕ್ಕಡಿಯನ್ನು ಕಾಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ತೂಕಕ್ಕೆ ಕಾನೂನು ಇಲ್ಲ ಅಂತಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು. ಆದರೆ ಮುದ್ರೆ ಹೇಳುವುದು ತಕ್ಕಡಿ ಸರಿ ಇದೆ ಅಂತ ಮಾತ್ರ. ನಾನು ನೋಡಿದ ತಕ್ಕಡಿಯೂ ಸರಿಯಾಗೇ ಇತ್ತು, ತಪ್ಪಿದ್ದು ಪೆನ್ನು ಹಿಡಿದ ಕೈ. ಎದುರಿಗಿರುವವರಿಗೆ ಲೆಕ್ಕ ನೋಡಲು ದಾರಿಯೇ ಇಲ್ಲದಾಗಲೂ ಸರಿಯಾಗಿ ಬರೆಯುವುದಕ್ಕೆ ನಾನು ಪ್ರಾಮಾಣಿಕತೆ ಅನ್ನುತ್ತೇನೆ. ಲಂಚ ಮುಟ್ಟದಿರುವುದು ಅದರ ಒಂದು ಭಾಗ ಅಷ್ಟೇ. ಇದರಲ್ಲಿ ನನಗೆ ತುಂಬಾ ಬೇಸರ ತರುವುದು ಇನ್ನೊಂದಿದೆ. ಎಷ್ಟೋ ತೋಟಗಳಲ್ಲಿ ಕಾಲೇಜು ಓದುವ ಮಕ್ಕಳು ರಜೆಯಲ್ಲಿ ತೂಕದ ಪುಸ್ತಕ ಬರೆಯಲು ಕೂರುತ್ತಾರೆ. ಮನೆಯ ದೊಡ್ಡವರೇ ಪಕ್ಕದಲ್ಲಿ ನಿಂತು 'ಎರಡು ಕಿಲೋ ಹಿಡಿದು ಬರಿ' ಅಂದರೆ ಆ ಮಗು ಮುಂದೆ ಯಾವ ಕಚೇರಿಯ ಕುರ್ಚಿಯಲ್ಲಿ ಕೂತರೂ ಹಿಡಿದೇ ಬರೆಯುತ್ತದೆ. ಆಮೇಲೆ ಅದೇ ಕಚೇರಿ ಮುಂದೆ ನಿಂತು ಕಾಲ ಕೆಟ್ಟಿತು ಅನ್ನುತ್ತೇವೆ.

ಪುಡಿ ಮಾರುವವರ ಬಗ್ಗೆಯೂ ಒಂದು ಮಾತು. ಚಿಕ್ಕಮಗಳೂರು ಅರೇಬಿಕಾಗೂ ಬಾಬಾಬುಡನ್‌ಗಿರಿ ಅರೇಬಿಕಾಗೂ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿತು. ಚಿಕೋರಿ ಬೆರೆಸಬಾರದು ಅಂತ ಯಾರೂ ಹೇಳಿಲ್ಲ, ಬೆರೆಸಿದ ಪುಡಿಯಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಬೇಕು, ಎಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ಬರೆಯಬೇಕು. ಗಿರಿ ನೋಡಲು ಬಂದವರಿಗೆ ಚಿಕೋರಿ ಪುಡಿಯನ್ನು ಪ್ಯೂರ್ ಅಂತ ಕೊಟ್ಟು ಕಳಿಸಿದರೆ ಕೆಡುವುದು ಇಡೀ ಜಿಲ್ಲೆಯ ಹೆಸರು.

ಮುಂದಿನ ಕೊಯ್ಲು ಶುರುವಾಗುವ ಮೊದಲು ಬೆಳೆಗಾರರ ಸಂಘಗಳು ಒಂದು ಸಭೆ ಕರೆದು ಎರಡೇ ತೀರ್ಮಾನ ಮಾಡಲಿ. ತಕ್ಕಡಿಯ ಡಿಸ್‌ಪ್ಲೇ ಚೀಲ ತಂದವರ ಕಡೆಗೆ ತಿರುಗಿರಬೇಕು. ಅವತ್ತಿನ ತೂಕ ಬರೆದ ಚೀಟಿ ಅವತ್ತೇ ಅವರ ಕೈಗೆ ಸಿಗಬೇಕು, ಚೀಲಕ್ಕೆ ಎಷ್ಟು ಕಳೆದಿದ್ದೀರಿ ಅನ್ನುವುದೂ ಅದರಲ್ಲಿ ಇರಬೇಕು. ವ್ಯಾಪಾರಿಗಳೂ ನಮ್ಮೆದುರೇ ಓಟಿ ತೆಗೆಯಲಿ ಅಂತ ಆಮೇಲೆ ಒಟ್ಟಾಗಿ ಕೇಳೋಣ.

ಇಂತಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು