ಡ್ಯಾಫಿಯ ಪಾಡು ನೋಡು, ಆಮೇಲೆ ಹೇಳು

ಪ್ರೀತಿಯ ಮಂಜು,

ಮೊನ್ನೆ ಬಲ್ಲಾಳ್ ಸರ್ಕಲ್ ಹತ್ತಿರ ಕಾಫಿ ಕುಡಿಯುವಾಗ, ಹಳೇ ಕಾರ್ಟೂನುಗಳಿಗೆ ತಲೆಬುಡ ಇರಲ್ಲ ಅಂತ ನೀನು ಅಂದೆ. ನಿನಗೆ ಮಂಡ್ಯದ ರೈಲಿಗೆ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ನನಗೆ ಸಮಾಧಾನ ಆಗಲಿಲ್ಲ ಕಣೋ.

ಚಕ್ ಜೋನ್ಸ್ 1953ರಲ್ಲಿ ಮಾಡಿದ 'ಡಕ್ ಅಮಕ್' ಅನ್ನೋ ಕಾರ್ಟೂನ್ ಒಂದು ಸಲ ನೋಡು. ಏಳು ನಿಮಿಷದ ಚಿತ್ರ ಅಷ್ಟೇ. ಡ್ಯಾಫಿ ಡಕ್ ಅನ್ನೋ ಬಾತುಕೋಳಿ ಕತ್ತಿ ಝಳಪಿಸುತ್ತಾ ನುಗ್ಗುತ್ತಾನೆ. ಸ್ವಲ್ಪ ಮುಂದೆ ಹೋದರೆ ಹಿನ್ನೆಲೆಯೇ ಮುಗಿದುಹೋಗಿ ಬರೀ ಬಿಳಿ. ತೆರೆಯ ಹೊರಗಿನಿಂದ ಯಾರೋ ಕುಂಚ ಹಿಡಿದು ಹೊಲಮನೆ ಬರೆಯುತ್ತಾರೆ. ಪಾಪ, ಇವನು ರೈತನ ವೇಷ ಹಾಕಿ ಹಾಡುತ್ತಾ ಬರುತ್ತಾನೆ. ನಡೆಯುತ್ತಾ ನಡೆಯುತ್ತಾ ಹೊಲ ಹೋಗಿ ಹಿಮ ಬರುತ್ತದೆ. ಸ್ಕೀ ಕಟ್ಟಿಕೊಂಡು ಬಂದರೆ ಹವಾಯಿ! ಆಮೇಲೆ ಅವನನ್ನೇ ರಬ್ಬರಿನಿಂದ ಅಳಿಸುತ್ತಾರೆ. ಗಿಟಾರ್ ಕೊಡುತ್ತಾರೆ, ಶಬ್ದ ಇಲ್ಲ. ಶಬ್ದ ಕೊಡಿ ಅಂತ ಬೋರ್ಡು ಹಿಡಿಯುತ್ತಾನೆ. ಬಂದದ್ದು ಮೆಷಿನ್ ಗನ್ನಿನ ಸದ್ದು.

ಹಿನ್ನೆಲೆ, ಬಣ್ಣ, ಶಬ್ದ, ಕೊನೆಗೆ ಚೌಕಟ್ಟು. ಕಾರ್ಟೂನ್ ಯಾವುದರಿಂದ ಆಗುತ್ತದೋ ಅದನ್ನೆಲ್ಲ ಒಂದೊಂದಾಗಿ ಕಿತ್ತುಕೊಳ್ಳುತ್ತಾರೆ. ಅವನಿಗೆ ಹೂವಿನ ತಲೆ, ನಾಲ್ಕು ಕಾಲು ಬರೆದಾಗಲೂ ಅದು ಡ್ಯಾಫಿಯೇ ಅಂತ ಗೊತ್ತಾಗುತ್ತದೆ. ಆ ನಡಿಗೆ, ಆ ಸಿಡುಕು, ಮೆಲ್ ಬ್ಲಾಂಕ್ ಕೊಟ್ಟ ಆ ದನಿ! ಇದನ್ನು ಕಂಡುಕೊಂಡವರು ದೊಡ್ಡ ಕಲಾವಿದರು, ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಸುತ್ತಲಿನ ಲೋಕ ಎಷ್ಟೇ ತಲೆಕೆಳಗಾದರೂ ಅವನು ಅದಕ್ಕೆ ಹೊಂದಿಕೊಳ್ಳಲು ಮನಸಾರೆ ಒದ್ದಾಡುತ್ತಾನೆ. ನಗು ಬರುವುದು ಅಲ್ಲೇ. ಅವನೇನಾದರೂ 'ಇದೆಲ್ಲ ತಮಾಷೆ' ಅಂತ ಕಣ್ಣು ಹೊಡೆದಿದ್ದರೆ ಎಲ್ಲ ಸಪ್ಪೆ ಆಗುತ್ತಿತ್ತು.

1949ರಲ್ಲಿ ಶುರುವಾದ ರೋಡ್ ರನ್ನರ್ ಕಾರ್ಟೂನುಗಳೂ ಹಾಗೇ. ಜೋರಾಗಿ ಓಡುವ ರೋಡ್ ರನ್ನರ್ ಹಕ್ಕಿಯನ್ನು ಹಿಡಿಯಲು ಕಾಯೋಟಿ ಅನ್ನೋ ತೋಳದಂಥ ಪ್ರಾಣಿ ಹೊಂಚುಹಾಕುತ್ತಿರುತ್ತದೆ. ಕಾಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆಯುತ್ತಾನೆ. ರೋಡ್ ರನ್ನರ್ ಸೀದಾ ಅದರೊಳಗೆ ಓಡಿಹೋಗುತ್ತದೆ. ಹಿಂದೆಯೇ ನುಗ್ಗಿದ ಕಾಯೋಟಿಗೆ ಮಾತ್ರ ಬಂಡೆ ಬಂಡೆಯೇ. ಇದೂ ಒಂದು ಲೆಕ್ಕಾಚಾರ ಅಲ್ವಾ? ಬರೆದವನಿಗೇ ಬಾಗಿಲು ತೆರೆಯಬಾರದು. ಹಾಗೆ ನೋಡಿದರೆ, ಮಳೆಯಲ್ಲಿ ಕಾಗಕ್ಕ ಬಂದು ಗುಬ್ಬಕ್ಕನ ಮನೆ ಬಾಗಿಲು ತಟ್ಟಿದಳು ಅಂದಾಗ, ಹಕ್ಕಿಗೆಲ್ಲಿಯ ಬಾಗಿಲು ಅಂತ ನಾವು ಅಜ್ಜಿಯನ್ನು ಕೇಳಿದ್ವಾ? ಒಳಗೆ ಬಿಡ್ತಾಳಾ ಇಲ್ವಾ ಅನ್ನೋದೇ ನಮ್ಮ ಚಿಂತೆ ಆಗಿತ್ತು.

ಮುಂದಿನ ಭಾನುವಾರ ಮಗಳನ್ನೂ ಕರ್ಕೊಂಡು ಮನೆಗೆ ಬಾ. ಟೆಕ್ಸ್ ಏವರಿ 1947ರಲ್ಲಿ ಮಾಡಿದ 'ಕಿಂಗ್ ಸೈಜ್ ಕೆನರಿ' ಹಾಕ್ತೀನಿ. ಬೆಕ್ಕು, ಇಲಿ ಎರಡೂ ಗಿಡ ಬೆಳೆಸುವ ಔಷಧಿ ಕುಡಿದು ಕುಡಿದು ಭೂಮಿಗಿಂತ ದೊಡ್ಡದಾಗುತ್ತವೆ. ಅದನ್ನು ನೋಡಿದ ಮೇಲೂ ತಲೆಬುಡ ಇಲ್ಲ ಅಂದರೆ, ಇನ್ನೊಂದು ಹಾಕ್ತೀನಿ.

ನಿನ್ನ,
ರವಿ
ಮೈಸೂರು