ಲಂಡನ್–ಪ್ಯಾರಿಸ್ ಟಿಕೆಟ್: ಒಂದು ಗಂಟೆಯ ಲೆಕ್ಕ

ಮಾನ್ಯರೇ,

ಮಕ್ಕಳನ್ನು ನೋಡಲು ಯುರೋಪಿಗೆ ಹೊರಡುವ ನಮ್ಮ ಭಾಗದ ಪೋಷಕರಿಗೆ ಟಿಕೆಟ್‌ನ ಸಮಯವನ್ನು ಏಜೆಂಟರು ಬಿಡಿಸಿ ಹೇಳಬೇಕು. ಲಂಡನ್–ಪ್ಯಾರಿಸ್ ನೇರ ದೂರ ಸುಮಾರು 344 ಕಿ.ಮೀ. ವಿಮಾನ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ರನ್‌ವೇ ತನಕದ ಓಡಾಟ, ಸರದಿ ಸೇರಿ ಒಂದೂಕಾಲು ಗಂಟೆ. ಆದರೆ ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ. 10ಕ್ಕೆ ಹೊರಟರೆ ತಲುಪುವುದು 12.15 ಎಂದಿರುತ್ತದೆ, ವಾಪಸಾಗುವಾಗ 10ಕ್ಕೆ ಬಿಟ್ಟು 10.15ಕ್ಕೇ ಇಳಿದಂತೆ ಕಾಣುತ್ತದೆ. ಎರಡೂ ಆಯಾ ಊರಿನ ಸಮಯ. ಇದು ತಿಳಿಯದೆ ಮುಂದಿನ ವಿಮಾನ ಬುಕ್ ಮಾಡಿದರೆ ಅದು ಕೈತಪ್ಪುತ್ತದೆ, ದುಡ್ಡೂ ಹೋಗುತ್ತದೆ.

ಊರ ನಡುವಿಗೇ ಹೋಗುವವರಿಗೆ ಯೂರೋಸ್ಟಾರ್ ರೈಲೇ ಮೇಲು, ಸುಮಾರು 2 ಗಂಟೆ 20 ನಿಮಿಷ. ಬ್ರಿಟನ್ನಿನ ಪ್ರವಾಸಿ ವೀಸಾ ಫ್ರಾನ್ಸಿನಲ್ಲಿ ನಡೆಯದು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇರೆಯೇ ಮಾಡಿಸಬೇಕು.

– ಟಿಕೆಟ್ ಬುಕಿಂಗ್ ವೃತ್ತಿಯವರು, ಕಲಬುರಗಿ